ಗುರವ ಸರ್ ಮತ್ತು ಕಾಡುಕೋಣದ ದಾರಿ

ಗುರವ ಸರ್ ಹಾಳಾದ ಹೊಲಕ್ಕೆ ಹೋದರೆ ಮೊದಲು ಮಾಡುತ್ತಿದ್ದ ಕೆಲಸ ಬೈಸಿಕೊಳ್ಳುವುದು. ಬದುವಿನ ಮೇಲೆ ಚಪ್ಪಲಿ ಬಿಟ್ಟು, ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಹೊಲದವನು ಬೆಳೆ ತಿಂದ ಹಂದಿಯಿಂದ ಶುರುಮಾಡಿ, ಸರಕಾರವನ್ನು ಮುಗಿಸಿ, ಸರ್ ಅವರ ಮನೆತನದವರೆಗೆ ಎಲ್ಲರ ಜನ್ಮ ಜಾಲಾಡುತ್ತಿದ್ದ. ಕನ್ನಡದಲ್ಲಿ ಬೈದರೆ ಕನ್ನಡದಲ್ಲಿ, ಮರಾಠಿಯಲ್ಲಿ ಬೈದರೆ ಮರಾಠಿಯಲ್ಲಿ ಸರ್ ಹೌದುಹೌದು ಎನ್ನುತ್ತಿದ್ದರು. ಬೈದವನ ಗಂಟಲು ಒಣಗಿದ ಮೇಲೆಯೇ ಅವರ ಬರೆಯುವ ಪುಸ್ತಕ ಹೊರಬರುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇದನ್ನು ನೋಡಿ ಮೈ ಉರಿಯುತ್ತಿತ್ತು. ಹಂದಿಯನ್ನು ನಾವೇನು ಸಾಕಿದ್ದೇವೆಯೇ ಎಂದು ಒಮ್ಮೆ ಕೇಳಿಯೂಬಿಟ್ಟೆ.

"ಹಂದಿ ಉಂಡು ಹೋಗೇತಿ ತಂಗಿ, ಅದಕ್ಕ ಬೈಯಾಕ ಬರೂದಿಲ್ಲ. ಯಾರಿಗಾದರೂ ಬೈಬೇಕಲ್ಲ? ಪೂರಾ ಬೈದ ಮ್ಯಾಲನ ಮನುಷ್ಯಾ ಖರೇ ಹೇಳ್ತಾನ," ಎಂದರು.

ನಮ್ಮದು ಬೆಳಗಾವಿಯ ಒಂದು ಸಣ್ಣ ಸಂಸ್ಥೆ. ಖಾನಾಪುರ ತಾಲೂಕಿನ ಕಾಡಂಚಿನ ಊರುಗಳಲ್ಲಿ ಬೆಳೆ ಹಾಳಾದರೆ, ಯಾವ ಪ್ರಾಣಿ ಯಾವ ದಾರಿಯಿಂದ ಬಂತು, ಮತ್ತೆ ಬಾರದಂತೆ ಏನು ಮಾಡಬೇಕು ಎಂದು ನೋಡಿ ವರದಿ ಬರೆಯುವುದು ನಮ್ಮ ಕೆಲಸ. ಕಾಗದದ ಮೇಲೆ ಸರ್ ವನ್ಯಜೀವಿ ತಜ್ಞರು, ಊರವರ ಬಾಯಲ್ಲಿ ಹಂದಿ ಡಾಕ್ಟರು. ಈ ಬಿರುದನ್ನು ಅವರು ಮದುವೆ ಮನೆಗಳಲ್ಲೂ ಹೆಮ್ಮೆಯಿಂದ ಹೇಳಿಕೊಂಡು ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು. ಹಂದಿ ಕಬ್ಬನ್ನು ಅಗಿದು ಸಿಪ್ಪೆ ಉಗುಳುತ್ತದೆ, ಮುಳ್ಳುಹಂದಿ ಬುಡ ಕೊರೆಯುತ್ತದೆ, ಊರವರು ಗವಾ ಎನ್ನುವ ಕಾಡುಕೋಣಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲದ್ದರಿಂದ ಅದು ಭತ್ತವನ್ನು ಹರಿದು ತಿನ್ನುತ್ತದೆ. ಇದೆಲ್ಲ ನಾನು ಕಾಲೇಜಿನಲ್ಲಿ ಓದಿದ್ದಲ್ಲ, ಅವರ ಬಾಜೂಕ್ಕೆ ಕೂತು ಕಲಿತದ್ದು. ಕಣ್ಣಾರೆ ಕಾಣದ್ದನ್ನು ಬರೆದರೆ ಹಾಳೆಯನ್ನೇ ಹರಿದು ಕೈಗೆ ಕೊಡುತ್ತಿದ್ದರು. ಆಗ ಮಾತ್ರ ಅವರ ಮುಖ ನೋಡಲು ಭಯವಾಗುತ್ತಿತ್ತು.

ಇಂಥವರ ಕೈಯಿಂದ ಒಂದು ತಪ್ಪಾಯಿತು. ಹಾಗೆಂದು ಎಲ್ಲರೂ ತಿಳಿದರು. ತಪ್ಪು ನನ್ನದು.

ಕಣಕುಂಬಿಯ ಹತ್ತಿರ ಮೇಲಿನ ಗದ್ದೆಗಳವರು ಕಾಡಿನ ಅಂಚಿಗೆ ಸೌರಬೇಲಿ ಹಾಕಿಸಲು ಹೊರಟಿದ್ದರು. ಬೇಲಿ ಎಲ್ಲಿಂದ ಎಲ್ಲಿಗೆ ಎಂದು ನಾವು ಹೇಳಬೇಕಿತ್ತು. ಎರಡು ಗದ್ದೆಗಳ ನಡುವೆ ಹಳ್ಳಕ್ಕಿಳಿಯುವ ಒಂದು ಕಾಲುದಾರಿ ಇತ್ತು, ಅದರ ತುಂಬ ಸಗಣಿ. ಕಾಡುಕೋಣದ್ದೋ ಊರ ಎಮ್ಮೆಯದೋ ಎಂದು ಸರ್ ಬಗ್ಗಿ ನೋಡುತ್ತಿದ್ದಾಗ ನಾನು ಎಮ್ಮೆಯದು ಎಂದುಬಿಟ್ಟೆ. ಪಾರಿಶ್ವಾಡದ ನಮ್ಮ ಮನೆಯಲ್ಲಿ ಎಮ್ಮೆ ಮೇಯಿಸಿ ಬೆಳೆದವಳು ನಾನು. ಸಗಣಿ ಬಾಚಿದ ಕೈ ಎಂಬ ಜಂಬ. ಸರ್ ನಕ್ಕು, ಈ ವಿಷಯದಲ್ಲಿ ನೀನೇ ಡಾಕ್ಟರು ಎಂದು ಎದ್ದರು. ಎಮ್ಮೆಗಳು ಆ ದಾರಿಯಲ್ಲಿ ಬರುತ್ತಿದ್ದುದು ನಿಜ. ಅದೇ ದಾರಿಯಲ್ಲಿ ಕಾಡುಕೋಣದ ಹಿಂಡೂ ನೀರಿಗಿಳಿಯುತ್ತಿತ್ತು. ಬೇಲಿ ಆ ದಾರಿಯನ್ನು ಮುಚ್ಚಿತು.

ದಸರೆಯ ಹೊತ್ತಿಗೆ ಹಿಂಡು ಬೇಲಿಯನ್ನು ಸುತ್ತಿ ಬಂದು ಕೆಳಗಿನ ರುಕ್ಮಿಣಿಬಾಯಿಯ ಗದ್ದೆಗೆ ಇಳಿಯಿತು. ಅಲ್ಲಿ ಅದುವರೆಗೆ ಕಾಡುಕೋಣ ಬಂದದ್ದೇ ಇಲ್ಲ. ಗಂಡ ತೀರಿಕೊಂಡ ಆ ಹೆಂಗಸಿಗೆ ವರ್ಷದ ಅನ್ನವೆಲ್ಲ ಆ ಒಂದು ಗದ್ದೆಯಲ್ಲಿತ್ತು. ನಾವು ಹೋಗುವಾಗ ಹಾಲು ತುಂಬಿದ ತೆನೆಗಳು ಕೆಸರಿನಲ್ಲಿ ಬಿದ್ದಿದ್ದವು.

ಸರ್ ಎಂದಿನಂತೆ ಚಪ್ಪಲಿ ಬಿಟ್ಟು ಕೂತರು. ಆಕೆ ಬೈಯಲಿಲ್ಲ. ಗದ್ದೆಯಂಚಿನ ಮನೆಯೊಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಿಟ್ಟು ಗದ್ದೆಯ ಕಡೆ ಮುಖ ಮಾಡಿ ನಿಂತಳು. ಸರ್ ಬಹಳ ಹೊತ್ತು ಕಾದರು. ಆಮೇಲೆ ಎದ್ದು ನನ್ನ ಮತ್ತು ಆಕೆಯ ನಡುವೆ ಬಂದು ನಿಂತರು.

"ಬಾಯಿ, ಇದು ಗವಾ ಮಾಡಿದ್ದಲ್ಲ, ನಾ ಮಾಡಿದ್ದು. ಅವುಗಳ ದಾರಿ ಮುಚ್ಚಿಸಿದಾವ ನಾನ."

ಬಸ್ಸಿನಲ್ಲಿ ಬರುವಾಗ ನಾನು ಅಳುತ್ತ, ಅವರು ಹಾಗೆ ಹೇಳಬಾರದಿತ್ತು, ಎಮ್ಮೆ ಎಂದವಳು ನಾನು ಎಂದೆ. ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಅಂದಾಕಿ ನೀ, ನಂಬಿದಾವ ನಾ. ಸಹಿ ನಂದು. ಇನ್ನ ಆ ಮಾತು ಬ್ಯಾಡ."

ಮುಂದೆ ಎರಡು ವರ್ಷ ಅವರು ಅದೇ ಧ್ಯಾನದಲ್ಲಿದ್ದರು. ಬೇಲಿಯ ಮೂವತ್ತು ಹೆಜ್ಜೆಯಷ್ಟು ಕಿತ್ತು ಹಳೆಯ ದಾರಿ ಬಿಟ್ಟುಕೊಡಿ ಎಂದು ಮೇಲಿನ ಗದ್ದೆಯವರ ಮನೆಮನೆ ತಿರುಗಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ಸರ್ ಎಂದು ನಾನು ಬೇಸರಪಟ್ಟರೆ, ತಾನು ಕೋಣದ ಕಡೆಯಿಂದ ಮನುಷ್ಯರ ಮುಂದೆ ಬಾರಿಸುತ್ತಿದ್ದೇನೆ, ಅದು ಇನ್ನೂ ಕಷ್ಟ ಎನ್ನುತ್ತಿದ್ದರು. ಕೊನೆಗೆ ಒಂದು ಬೇಸಿಗೆಯಲ್ಲಿ ಗದ್ದೆಯವರು ಒಪ್ಪಿ ಬೇಲಿ ಬಿಚ್ಚಿದರು. ಆದರೆ ಹಿಂಡು ಹಳೆಯ ದಾರಿಗೆ ಮರಳುತ್ತದೆಯೋ ಇಲ್ಲವೋ ತೆನೆ ಹಾಲು ತುಂಬುವ ಹೊತ್ತಿಗೇ ಗೊತ್ತಾಗಬೇಕು. ಆ ಹೊತ್ತಿಗೆ ಸರ್ ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ಮಲಗಿದ್ದರು. ಹೊಟ್ಟೆಯ ರೋಗ, ಗೊತ್ತಾಗುವಾಗಲೇ ತಡವಾಗಿತ್ತು.

ನಾನು ಕಣಕುಂಬಿಯಿಂದ ನೇರವಾಗಿ ಅಲ್ಲಿಗೆ ಹೋದೆ. ಅವರ ಮುಖ ಇಷ್ಟೇ ಇಷ್ಟಾಗಿತ್ತು. ರುಕ್ಮಿಣಿಬಾಯಿಯ ಗದ್ದೆ ಹೇಗಿದೆ ಎಂದು ಕೇಳಿದರು. ಒಂದು ಮೂಲೆ ಹೋಗಿದೆ ಎಂದೆ. ತಲೆಯನ್ನು ನನ್ನ ಕಡೆ ಹೊರಳಿಸಿ ಕೇಳಿದರು.

"ಹಂದೀನೋ, ಗವಾನೋ?"

"ಹಂದಿ, ಸರ್."

ಅವರು ಕಣ್ಣು ಮುಚ್ಚಿದರು. ಹುಬ್ಬಿನ ನಡುವಿನ ಗಂಟು ಸಡಿಲವಾದದ್ದನ್ನು ನಾನು ನೋಡಿದೆ. ಗದ್ದೆಯಲ್ಲಿದ್ದದ್ದು ಹರಿದ ಭತ್ತ, ಕಾಡುಕೋಣದ ಹೆಜ್ಜೆ. ವರದಿಯಲ್ಲಿ ಹಾಗೆಯೇ ಬರೆದೆ. ಅದನ್ನು ಓದಲು ಅವರು ಉಳಿಯಲಿಲ್ಲ.

ಅವರು ಹೋದಮೇಲೆ ನನ್ನ ಕೆಲಸದಲ್ಲಿ ರುಚಿಯೇ ಇಲ್ಲ. ಹರಿದ ಹಾಳೆಯನ್ನು ಕೈಗೆ ಕೊಡುವವರಿಲ್ಲ. ಯಾವುದೋ ಹೊಲದಲ್ಲಿ ಅನುಮಾನದ ಗುರುತು ಕಂಡರೆ ಇಂದಿಗೂ ಪಕ್ಕಕ್ಕೆ ತಿರುಗಿ ಸರ್ ಎನ್ನಲು ಬಾಯಿ ತೆರೆಯುತ್ತೇನೆ. ಎಷ್ಟು ಬೇಕಾದರೂ ಬೈಯಲಿ, ಒಂದು ಸಲ ಎದುರು ಕೂತು, ನಿಮಗೆ ಸುಳ್ಳು ಹೇಳಿದೆ ಎಂದು ಹೇಳಬೇಕೆನ್ನಿಸುತ್ತದೆ.

ಈ ವರ್ಷ ಹಿಂಡು ಹಳೆಯ ದಾರಿ ಹಿಡಿಯಿತು. ಬೇಲಿ ಬಿಚ್ಚಿದ ಜಾಗದಲ್ಲಿ ದೊಡ್ಡ ಹೆಜ್ಜೆಗಳು, ಅವುಗಳ ಬದಿಗೆ ಕರುವಿನ ಹೆಜ್ಜೆ. ರುಕ್ಮಿಣಿಬಾಯಿಯ ಗದ್ದೆ ಪೂರಾ ಕೊಯ್ಲಾಯಿತು. ನಾನು ಹೋದಾಗ ಆಕೆ ಹೊಸ ತೆನೆಯನ್ನು ಬಾಗಿಲಿಗೆ ಕಟ್ಟುತ್ತಿದ್ದಳು. ಇನ್ನು ತಡೆಯಲಾಗದೆ, ಅಂದು ತಪ್ಪು ಮಾಡಿದ್ದು ಸರ್ ಅಲ್ಲ, ಸಗಣಿ ನೋಡಿ ಎಮ್ಮೆಯದು ಎಂದವಳು ನಾನು ಎಂದು ಹೇಳಿದೆ. ಮನೆಯಲ್ಲಿ ಮರಾಠಿ ಆಡುವ ಆಕೆ ನನಗಾಗಿ ಕನ್ನಡದಲ್ಲಿ ನಿಧಾನವಾಗಿ ಉತ್ತರ ಕೊಟ್ಟಳು.

"ಅದು ನನಗ ಅವತ್ತ ಗೊತ್ತಾತು. ಸರ್ ಮಾತಾಡೂಮುಂದ ನೀ ನೆಲಾ ನೋಡಾಕ ಹತ್ತಿದ್ದಿ."

ಹಾಗಾದರೆ ಯಾಕೆ ಒಂದು ಮಾತೂ ಆಡಲಿಲ್ಲ ಎಂದು ಕೇಳಿದೆ.

"ಹ್ಯಾಂಗ ಆಡ್ಲಿ? ನಿನ್ನ ಮುಂದ ಅವರು ನಿಂತಿದ್ರಲ್ಲ."

ಈಗ ನಾನು ಎಲ್ಲ ಹೊಲಕ್ಕೂ ಒಬ್ಬಳೇ ಹೋಗುತ್ತೇನೆ.