ಬಿದ್ದ ಜಾಗ ನೋಡುತ್ತಿದ್ದವರು

ನಾನು ಡಿಗ್ರಿ ಮಾಡುವುದು ಸಾಧ್ಯವೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ. "ಕಂಬ ಹಿಡ್ಕೊಂಡು ಹಾರೋ ಹುಡುಗೀಗೆ ಯಾವ ಕಾಲೇಜಲ್ಲಮ್ಮ ಸೀಟು? ಸರ್ಕಸ್ಸಲ್ಲಾ?" ಎಂದು ನಕ್ಕಿದ್ದರು. ಮೊನ್ನೆ ಭಾನುವಾರ ಅಮ್ಮ ತಾರಸಿಯ ಮೇಲೆ ಹಳೆಯ ಹಾಸಿಗೆ ಬಿಚ್ಚಿ, ಒಳಗಿನ ತೆಂಗಿನ ನಾರನ್ನು ಬಿಸಿಲಿಗೆ ಹರವಿದಳು. ಆ ಒಣ ಧೂಳಿನ ವಾಸನೆಗೆ ದೊಡ್ಡಪ್ಪನ ನಗು ನೆನಪಾಯಿತು. ಅದಕ್ಕೂ ಮೊದಲು ಚಾಮರಾಜಪೇಟೆಯ ಹಾಸಿಗೆ ಅಂಗಡಿಯ ಸಾಹೇಬರು ನೆನಪಾದರು...

ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ. ಪಿಯುಸಿಯಲ್ಲಿ ನನ್ನ ಅಂಕಗಳೂ ಹೇಳಿಕೊಳ್ಳುವಂಥವಲ್ಲ. ರಾಜ್ಯಮಟ್ಟದ ಕೂಟದ ಪೋಲ್ ವಾಲ್ಟ್‌ನಲ್ಲಿ ಮೊದಲ ಮೂವರಲ್ಲಿ ಬಂದರೆ ಕ್ರೀಡಾ ಕೋಟಾದಲ್ಲಿ ಸೀಟು. ಇಲ್ಲದಿದ್ದರೆ ಅಮ್ಮನ ಜೊತೆ ಗಾರ್ಮೆಂಟ್ಸ್.

ನಮ್ಮ ಮೈದಾನದಲ್ಲಿ ಹಾರಿ ಬೀಳಲು ಫೋಮ್ ಇರಲಿಲ್ಲ. ಪಿ.ಟಿ. ಮೇಷ್ಟ್ರು ಸಾಹೇಬರನ್ನು ಕೇಳಿಕೊಂಡು, ಗೋಣಿಚೀಲಗಳಿಗೆ ನಾರು ತುಂಬಿಸಿ, ಜೋಡಿಸಿ ಹೊಲಿಸಿದ್ದರು. ಪ್ರತಿ ಶನಿವಾರ ಸಂಜೆ ಸಾಹೇಬರು ಕೋಲು, ದಬ್ಬಣ ಹಿಡಿದು ಬಂದು, ಅದುಮಿಹೋದ ನಾರನ್ನು ಬಡಿದು ಸರಿಮಾಡಿ ಹೋಗುವರು. ನಾನು ಹಾರುವುದನ್ನು ಅವರು ನೋಡಿದ್ದೇ ಕಡಿಮೆ.

ನಾನೋ, ತಿಂಗಳುಗಟ್ಟಲೆ ಒಂದೇ ಎತ್ತರದಲ್ಲಿ ಬಾರ್ ಬೀಳಿಸುತ್ತಿದ್ದೆ. ತಪ್ಪೆಲ್ಲಿದೆ ಎಂದು ಮೇಷ್ಟ್ರಿಗೂ ತಿಳಿಯಲಿಲ್ಲ. ಒಂದು ಶನಿವಾರ ಸಾಹೇಬರು ದಬ್ಬಣ ಕೆಳಗಿಟ್ಟು ಕರೆದರು.

"ಬಾ ಬೇಟಾ, ಇಲ್ಲಿ ನೋಡು. ಎಡಗಡೆ ನಾರೆಲ್ಲ ಸತ್ತೋಗಿದೆ. ಬಲಗಡೆ ಹೊಸದು ಇದ್ದಂಗೇ ಇದೆ. ನೀನು ಒಂದಿನಾನೂ ನಡುವೆ ಬಿದ್ದಿಲ್ಲ."

"ಬೀಳೋದು ಎಲ್ಲಿ ಬಿದ್ರೇನು ಚಾಚಾ?"

"ನಲವತ್ತು ವರ್ಷದಿಂದ ಹಾಸಿಗೆ ಬಿಚ್ತಿದೀನಿ. ಯಾರು ಯಾವ ಮಗ್ಗುಲಲ್ಲಿ ಮಲಗ್ತಾರೆ ಅಂತ ಹೇಳ್ಬಿಡ್ತೀನಿ. ನೀನು ಮೇಲೆ ಹೋಗೋವಾಗ್ಲೇ ವಾಲ್ತಿದೀಯ. ಮೇಷ್ಟ್ರನ್ನ ಕರಿ."

ಮೇಷ್ಟ್ರು ಬಂದು ಆ ತಗ್ಗು ನೋಡಿದರು, ನನ್ನನ್ನು ಮತ್ತೊಮ್ಮೆ ಹಾರಿಸಿದರು, ಹಣೆ ಚಚ್ಚಿಕೊಂಡರು. ಕಂಬವನ್ನು ತಲೆಯ ಮೇಲೆ ನೇರವಾಗಿ ಎತ್ತಿ ಊರುವ ಬದಲು ನಾನು ಪಕ್ಕದಿಂದ ಸುತ್ತಿ ತರುತ್ತಿದ್ದೆ. ಅದೇ ನನ್ನನ್ನು ಎಡಕ್ಕೆ ತಳ್ಳುತ್ತಿತ್ತು. ಅಂದಿನಿಂದ ಬೆಳಗ್ಗೆಯೆಲ್ಲ ಬರೀ ನಡೆಯುತ್ತಾ, ಬಲಗೈ ಕಿವಿಯನ್ನು ಸವರುವಂತೆ ಕಂಬ ಎತ್ತುವುದು, ಊರುವುದು, ಮತ್ತೆ ಎತ್ತುವುದು... ಸಂಜೆ ಹಾರುವುದು. ಶನಿವಾರ ಸಾಹೇಬರು ತಗ್ಗಿನ ಪಕ್ಕ ಕೂತು ಬೆರಳು ಚಾಚಿ ಅಳೆಯುವರು. "ಒಂದು ಗೇಣು ಸರಿದಿದೀಯ." ಮುಂದಿನ ವಾರ, "ಅರ್ಧ ಗೇಣು ಅಷ್ಟೇ. ಸೋಮಾರಿ!"

ಕೂಟದಲ್ಲಿ ಮೂರನೆಯವಳಾದೆ. ಸೀಟು ಸಿಕ್ಕಿತು. "ಪಾಸಾದ ಕಾಗದ ತಂದು ತೋರ್ಸು" ಎಂದರು ಸಾಹೇಬರು. ತರುತ್ತೇನೆ ಎಂದೆ.

ಕೊನೆಯ ವರ್ಷ ಎರಡು ವಿಷಯಗಳಲ್ಲಿ ಫೇಲಾದೆ. ಆ ಮುಖ ಹೊತ್ತು ಅವರೆದುರು ಹೇಗೆ ನಿಲ್ಲಲಿ? ಅಂಗಡಿಯ ರಸ್ತೆ ಬಿಟ್ಟು, ಶಂಕರಪುರಂ ಸುತ್ತಿಕೊಂಡು ಹೋಗಿ ಬಸ್ ಹಿಡಿಯುತ್ತಿದ್ದೆ. ಹೋದರೆ ಕಾಗದ ಹಿಡಿದೇ ಹೋಗಬೇಕೆಂಬ ಹಟ. ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಲೇ ಆ ಎರಡನ್ನೂ ಪಾಸು ಮಾಡುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

ಈ ತಿಂಗಳು ಪದವಿ ಪತ್ರ ಬಂತು. ಅಮ್ಮ ಹಾಸಿಗೆ ಬಿಚ್ಚಿದ ಮರುದಿನ, ಸೋಮವಾರ, ಅದನ್ನು ಹಿಡಿದು ಚಾಮರಾಜಪೇಟೆಗೆ ಹೋದೆ. ಹಾಸಿಗೆ ಅಂಗಡಿ ಇದ್ದ ಕಡೆ ಮೊಬೈಲ್ ರಿಪೇರಿ ನಡೆಯುತ್ತಿತ್ತು. ಹಿಂದಿನ ಮನೆಯಲ್ಲಿ ಸಾಹೇಬರ ಹೆಂಡತಿ ಇದ್ದರು. ಸಾಹೇಬರು ತೀರಿಕೊಂಡು ವರ್ಷದ ಮೇಲಾಗಿತ್ತಂತೆ. ಉಬ್ಬಸ, ನಾಲ್ಕು ತಿಂಗಳು ಮಲಗಿಯೇ ಇದ್ದರಂತೆ. ಆ ನಾಲ್ಕು ತಿಂಗಳೂ ನಾನು ಎರಡು ರಸ್ತೆ ಆಚೆ ಬಸ್ಸಿಗೆ ಕಾಯುತ್ತಿದ್ದೆ.

"ತಡ ಮಾಡ್ಬಿಟ್ಟೆ ಚಾಚಿ" ಎಂದು ಪದವಿ ಪತ್ರವನ್ನು ಅವರಿಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು.

"ನಿನ್ನ ಕರೆಸ್ತೀನಿ ಅಂದೆ ಬೇಟಾ. ಅವರೇ ಬೇಡ ಅಂದ್ರು. ಓದ್ತಾ ಇರ್ತಾಳೆ, ತೊಂದ್ರೆ ಕೊಡ್ಬೇಡ ಅಂದ್ರು."