ಎರಡು ಭಾಷೆಯ ತಲೆಕಟ್ಟು

ಕರ್ನಾಟಕದ ಗಡಿಗೆ ಹತ್ತಿದ ಮಕ್ತಲ್ ಬಸ್ ಸ್ಟ್ಯಾಂಡಿನ ಎದುರು ಜೋಳದ ರೊಟ್ಟಿ ಮಾರುವ ಸಂಗಮ್ಮನಿಗೆ ಅಂಗಡಿಗೊಂದು ಬೋರ್ಡು ಹಾಕಿಸುವ ಆಸೆಯಾಯಿತು. ತೆಲಂಗಾಣ ಬೇರೆ ರಾಜ್ಯವಾದ ಹೊಸತು. ಪೇಂಟರ್ ಚಿನ್ನಯ್ಯ ಆಫೀಸುಗಳ ಬೋರ್ಡಿನಲ್ಲಿ ‘ಆಂಧ್ರಪ್ರದೇಶ’ ಅಳಿಸಿ ‘ತೆಲಂಗಾಣ’ ಬರೆಯುವುದರಲ್ಲೇ ಮುಳುಗಿಹೋಗಿದ್ದ. “ಸರ್ಕಾರದ್ದು ಮುಗೀಲಿ ಅಕ್ಕಾ, ದಸರಾಕ್ಕ ನೋಡೋಣು” ಎಂದ.

“ಮನಿಯಾಗ ಬರಿಯಾಕಿ ಇರುವಾಗ ನಿನ್ನ ಹಿಂದ ಯಾಕ ತಿರುಗ್ಲೋ?” ಎಂದು ಸಂಗಮ್ಮ ಸೊಸೆಯನ್ನು ಕರೆದಳು.

ಸೊಸೆ ಗಂಗಾಂಬಿಕಾ, ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಹೈದರಾಬಾದಿನಲ್ಲಿ ಚಿತ್ರಕಲೆ ಓದುತ್ತಿದ್ದವಳು, ರಜೆಗೆ ಬಂದಿದ್ದಳು. ನಿಮ್ಮೂರಿಗೆ ಬೇಕಾದದ್ದೊಂದನ್ನು ವಿನ್ಯಾಸ ಮಾಡಿಕೊಂಡು ಬನ್ನಿ ಎಂದು ಕಾಲೇಜಿನವರು ಮೊದಲ ಪ್ರಾಜೆಕ್ಟು ಕೊಟ್ಟಿದ್ದರು. ಅದಕ್ಕಿಂತ ಅವಳು ಅಂಜುತ್ತಿದ್ದದ್ದು ಪಕ್ಕದ ಬಳೆ ಅಂಗಡಿಯ ಪೆಂಟಮ್ಮನ ಬಾಯಿಗೆ. “ಕೂಸು ಬಿಟ್ಟು ಗೊಂಬಿ ಬರಿಯಾಕ ಹೋಗ್ಯಾಳ ನಿನ್ನ ಸೊಸಿ!” ಎಂದಾಗಲೆಲ್ಲ ಸಂಗಮ್ಮ, “ಬರ್ಲಿ ತಡಿ, ನೋಡುವಂತಿ” ಎನ್ನುತ್ತ ಬಂದಿದ್ದಳು. ಅತ್ತೆಯ ಆ ಮಾತನ್ನು ಈಗ ಸೊಸೆ ಉಳಿಸಿಕೊಡಬೇಕಿತ್ತು.

ಹಲಗೆ ಹಳೆಯ ಬಾಗಿಲಿನ ತುಂಡು, ಅಗಲ ಕಮ್ಮಿ. ಬಸ್ಸಿನ ಕಿಟಕಿಗೆ ಕಾಣುವಂತೆ ಬರೆದರೆ ಹಿಡಿಯುವುದು ಒಂದೇ ಸಾಲು. ತೆಲುಗಿನಲ್ಲಿ ಬರೆದರೆ ರಾಯಚೂರಿನ ಜನಕ್ಕೆ ತಿಳಿಯದು. ಕನ್ನಡದಲ್ಲಿ ಬರೆದರೆ ಗದ್ವಾಲದವರಿಗೆ ತಿಳಿಯದು.

“ಇಬ್ರಿಗೂ ಹಸಿವು ಒಂದ ಐತಲ್ಲವಾ, ಏನರ ಮಾಡು,” ಎಂದಳು ಅತ್ತೆ, ಹಿಟ್ಟು ನಾದುತ್ತ.

ಗಂಗಾಂಬಿಕಾ ಸೀಮೆಸುಣ್ಣದಿಂದ ಅಂಗಡಿಯ ಬಂಡೆಯ ಮೇಲೆ ‘ಸಂಗಮ್ಮ’ ಎಂದು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೂಸು ಬಂದು ಅದರ ಮೇಲೇ ಕೂತಿತು. ಅದನ್ನು ಎತ್ತಿ ಬದಿಗಿಟ್ಟು ನೋಡಿದಾಗ ನಗು ಬಂತು. ಸ, ಗ, ಮ್ಮ: ಎರಡು ಲಿಪಿಯಲ್ಲೂ ಹೆಚ್ಚುಕಡಿಮೆ ಒಂದೇ ಮೈ. ಬೇರೆ ಇರುವುದು ತಲೆಕಟ್ಟು ಮಾತ್ರ. ಕನ್ನಡದ್ದು ಅಡ್ಡ ಮಲಗುತ್ತದೆ, ತೆಲುಗಿನದು ಬಾಲ ಎತ್ತಿ ನಿಲ್ಲುತ್ತದೆ. ನಾರಾಯಣಪೇಟೆಯ ತೆಲುಗು ಶಾಲೆಯಲ್ಲಿ ಓದಿದವಳು ಅವಳು. ಮನೆಯಲ್ಲಿ ಅಪ್ಪ ಕಲಿಸಿದ್ದು ಕನ್ನಡ. ಎರಡನ್ನೂ ಕಲಸಿ ಬರೆದು ಎಷ್ಟು ಸಲ ಬೆತ್ತದ ರುಚಿ ನೋಡಿರಲಿಲ್ಲ!

ಆಗ ಹಂಚಿನ ಮೇಲಿನ ರೊಟ್ಟಿ ಅಂಚೊಂದನ್ನು ಮೆಲ್ಲಗೆ ಎತ್ತಿತು. ಮಿಕ್ಕದ್ದೆಲ್ಲ ಚಪ್ಪಟೆ, ತುದಿ ಮಾತ್ರ ಮೇಲೆ.

“ಅತ್ತೀ, ತಿರುವ್ಬ್ಯಾಡ್ರಿ! ಹಂಗ ಇರ್ಲಿ!”

“ಹೊತ್ತತೈತೆ ಹುಚ್ಚಿ!”

ಒಂದು ರೊಟ್ಟಿ ಹೊತ್ತಿತು. ಪ್ರತಿ ಅಕ್ಷರದ ತಲೆಯ ಮೇಲೂ ಅಂಥದ್ದೇ ರೊಟ್ಟಿಯಂಚು ಕೂತಿತು: ಅಡ್ಡಕ್ಕೆ ಹೊರಟು ತುದಿಯಲ್ಲಿ ತುಸು ಎದ್ದದ್ದು.

ಬಣ್ಣ ಒಣಗಿದ ಮೇಲೆ ಬೋರ್ಡು ಏರಿತು. ಗಂಗಾಂಬಿಕಾ ಕೆಳಗೆ ನಿಂತು ಬಂದು ಹೋಗುವವರ ಮುಖವನ್ನೇ ನೋಡುತ್ತಿದ್ದಳು. ರಾಯಚೂರಿನ ಬಸ್ಸಿನ ಡ್ರೈವರ್ ಶರಣಬಸವ ಇಳಿದು ಬಂದವನೇ, “ಆಹಾ, ಕನ್ನಡ ಬೋರ್ಡು!” ಎಂದ. ರೊಟ್ಟಿ ಮುರಿಯುತ್ತಿದ್ದ ಗದ್ವಾಲದ ಶೇಂಗಾ ವ್ಯಾಪಾರಿ ತಾಯಣ್ಣ ತಲೆ ಎತ್ತಿದ. “ಯಾವ ಕನ್ನಡರೀ? ಇದು ತೆಲುಗೇ ಕದಾ!”

“ಕಣ್ಣು ತೋರಿಸ್ಕೋ ಹೋಗಪಾ.”

“ನೀವು ಬಸ್ಸು ನಡೆಸ್ತೀರಿ, ನಿಮ್ಮ ಕಣ್ಣು ಮೊದ್ಲು ತೋರಿಸ್ರಿ!”

ಓದು ಬಾರದ ಸಂಗಮ್ಮ ಸೌಟು ಹಿಡಿದೇ ಹೊರಗೆ ಬಂದಳು. “ಜಗಳ ಇರ್ಲಿ. ಏನಂತ ಬರದೈತಿ, ಅದನ್ನ ಹೇಳ್ರಿ.”

“ಸಂಗಮ್ಮ,” ಎಂದರು ಇಬ್ಬರೂ ಒಟ್ಟಿಗೆ.

ಅತ್ತೆ ಹಿಟ್ಟಿನ ಕೈಯಿಂದಲೇ ಸೊಸೆಯ ಕೆನ್ನೆ ಸವರಿ, ಬಳೆ ಅಂಗಡಿಯ ಕಡೆ ಕತ್ತು ತಿರುಗಿಸಿದಳು. ಪೆಂಟಮ್ಮ ಆಗಲೇ ಎದ್ದು ಬರುತ್ತಿದ್ದಳು.

“ನಂದೂ ಒಂದು ಬರಕೊಡವಾ, ಎರಡು ಭಾಷೆದು.”

ಗಂಗಾಂಬಿಕಾ ಬಂಡೆಯ ಮೇಲೆ ಬರೆದು ನೋಡಿ ನಕ್ಕಳು. “ನಿಮ್ಮ ‘ಪೆ’ ಎರಡರಾಗೂ ಒಂದ ಆಗಂಗಿಲ್ರೀ ಚಿಗವ್ವ. ತೆಲುಗಿನಾಗ ಎತ್ವ ತಲಿಮ್ಯಾಲೆ ಹತ್ತತೈತಿ, ಕನ್ನಡದಾಗ ಬಾಜೂಕ ಕೂಡತೈತಿ.”

ಪೆಂಟಮ್ಮ ತಲೆ ಎತ್ತಿ ಸಂಗಮ್ಮನ ಬೋರ್ಡು ನೋಡಿದಳು. “ಹಂಗಾರ ನನ್ನ ಬೋರ್ಡಿಗೂ ‘ಸಂಗಮ್ಮ’ ಅಂತನ ಬರಿಯೇ! ಕೇಳಾವ್ರು ಯಾರು?”