ಬೆನ್ನಿನ ನೀರು, ಹುಳದ ಹಾಲು

ನಮ್ಮ ಕಡೆ ತಲೆನೋವು ನೇರವಾಗಿ ಡಾಕ್ಟರ ಹತ್ತಿರ ಬರುವುದಿಲ್ಲ. ಮೊದಲು ಅದು ಗ್ಯಾಸು ಎನಿಸಿಕೊಂಡು ಸೋಡಾ ಕುಡಿಯುತ್ತದೆ. ಆಮೇಲೆ ದೃಷ್ಟಿ ಎನಿಸಿಕೊಂಡು ಮೆಣಸಿನಕಾಯಿ ನಿವಾಳಿಸಿಕೊಳ್ಳುತ್ತದೆ. ಅದಾದ ಮೇಲೆ ಮೆಡಿಕಲ್ ಶಾಪಿನಲ್ಲಿ ಬಿಳಿಯದೊಂದು, ಹಳದಿಯದೊಂದು ಮಾತ್ರೆ ನುಂಗುತ್ತದೆ. ಇಷ್ಟು ಯಾತ್ರೆ ಮುಗಿಸಿ, ನಾನಾಗ ಕೆಲಸ ಮಾಡುತ್ತಿದ್ದ ಶಿಡ್ಲಘಟ್ಟದ ಕಡೆಯ ಪುಟ್ಟ ಆಸ್ಪತ್ರೆಗೆ ಬರುವ ಹೊತ್ತಿಗೆ ತಾನು ಯಾವ ಕಾಯಿಲೆ ಎಂಬುದು ಕಾಯಿಲೆಗೇ ಮರೆತುಹೋಗಿರುತ್ತಿತ್ತು. ಅದನ್ನು ಪತ್ತೆ ಮಾಡಲು ನನ್ನ ಬಳಿ ಇದ್ದದ್ದು ಒಂದು ಹಳೆಯ ಮೈಕ್ರೋಸ್ಕೋಪು, ಸಕ್ಕರೆ ನೋಡುವ ಕೈಯಂತ್ರ, ಮತ್ತು ನನ್ನ ಸಿಡುಕು. ಸ್ಕ್ಯಾನ್ ಬೇಕೆಂದರೆ ಚಿಕ್ಕಬಳ್ಳಾಪುರಕ್ಕೆ ಹೋಗಬೇಕು. ರೋಗಾಣು ಬೆಳೆಸಿ ನೋಡಬೇಕೆಂದರೆ ಅದಕ್ಕೂ ಆಚೆ.

ಒಂದು ಬೆಳಿಗ್ಗೆ ಸಾದಲಿ ಕಡೆಯ ಹೆಂಗಸೊಬ್ಬಳು ಗಂಡನನ್ನು ಗೂಡ್ಸ್ ಆಟೋದಲ್ಲಿ, ರೇಷ್ಮೆ ಹುಳಕ್ಕೆಂದು ಕೊಂಡ ಹಿಪ್ಪುನೇರಳೆ ಸೊಪ್ಪಿನ ಮೇಲೆಯೇ ಮಲಗಿಸಿಕೊಂಡು ಬಂದಳು. ಐವತ್ತು ದಾಟಿದ ಗಟ್ಟಿ ಆಳು. ಮೈ ಕಾದ ಹಂಚಾಗಿತ್ತು. ವಾಂತಿ ಬೇರೆ, ಮಾತಿಗೆ ತಲೆಬುಡವಿಲ್ಲ.

"ಜ್ವರ ಯಾವಾಗಿಂದ ಅಮ್ಮ?" ಎಂದು ಕೇಳಿದೆ.

"ನಮ್ ಹುಳ ನಾಕನೇ ಜ್ವರ ಎದ್ದ್ವಲ್ಲ, ಅವತ್ತಿಂದ್ಲೂ ಕಣಪ್ಪ."

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವು ಹಗಲೂ ರಾತ್ರಿ ಮೇಯುತ್ತವೆ, ಮನೆಯವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಈ ಸೀಮೆಯ ಡಾಕ್ಟರಿಗೆ ಈ ಪಂಚಾಂಗವೂ ಗೊತ್ತಿರಬೇಕು. ಹುಳದ ವಯಸ್ಸು ಕೇಳಿ ಲೆಕ್ಕ ಹಾಕಿದೆ. ಮೊನ್ನೆಯಿಂದ ಜ್ವರ.

ರೋಗಿಯ ತಲೆಯ ಕೆಳಗೆ ಕೈ ಕೊಟ್ಟು ಗದ್ದವನ್ನು ಎದೆಗೆ ಮುಟ್ಟಿಸಲು ನೋಡಿದೆ. ಕತ್ತು ಬಾಗಲಿಲ್ಲ. ಹಲಗೆ ಎತ್ತಿದ ಹಾಗೆ ಭುಜವೂ ಎದ್ದು ಬಂತು.

"ಅದು ಕಾಯ್ಲೆ ಅಲ್ಲ ಡಾಕ್ಟ್ರಪ್ಪ, ಸ್ವಭಾವ," ಎಂದಳು ಆಯಮ್ಮ. "ಮದ್ವೆ ಆದಾಗ್ಲಿಂದ್ಲೂ ಯಾರ್ ಮುಂದೇನೂ ತಲೆ ಬಗ್ಸಿದ್ದೇ ಇಲ್ಲ."

ನನಗೆ ನಗು ಬರಲಿಲ್ಲ. ಮಿದುಳಿನ ಸುತ್ತಲ ಪೊರೆಗೆ ಸೋಂಕು ತಗುಲಿದರೆ ಕತ್ತು ಹೀಗೆ ಸೆಟೆಯುತ್ತದೆ. ಬ್ಯಾಕ್ಟೀರಿಯಾ ಸೋಂಕಾದರೆ ತಡಮಾಡಿದಷ್ಟೂ ಆಳು ಕೈಬಿಟ್ಟು ಹೋಗುತ್ತಾನೆ. ಹಾಗಾಗಿ ಮೊದಲು ಇಂಜೆಕ್ಷನ್ ಹಾಕಿದೆ, ಮಾತು ಆಮೇಲೆ. ಆದರೆ ಅದು ಬ್ಯಾಕ್ಟೀರಿಯಾವೋ, ವೈರಸ್ಸೋ, ಕ್ಷಯವೋ ತಿಳಿಯದೆ ಔಷಧಿ ಮುಂದುವರಿಸುವುದು ಹೇಗೆ? ಕಣ್ಣೊಳಗೆ ಬೆಳಕು ಬಿಟ್ಟು ನೋಡಿದೆ, ತಲೆಯೊಳಗೆ ಒತ್ತಡ ಏರಿದ ಗುರುತು ಕಾಣಲಿಲ್ಲ, ಬೆನ್ನಿಗೆ ಸೂಜಿ ಹಾಕಲು ಅಡ್ಡಿಯಿಲ್ಲ ಅನ್ನಿಸಿತು. ಮಿದುಳಿನ ಸುತ್ತ ಇರುವ ನೀರೇ ಬೆನ್ನುಹುರಿಯ ಸುತ್ತಲೂ ಇರುತ್ತದೆ. ಆ ಬೆನ್ನಿನ ನೀರು ತೆಗೆದು ನೋಡಬೇಕು ಎಂದೆ.

ಆಯಮ್ಮ ಸೆರಗು ಬಿಗಿದು ಗಂಡನಿಗೂ ನನಗೂ ನಡುವೆ ನಿಂತಳು. "ಕೆಂಚಾರ್ಲಹಳ್ಳೀಲಿ ನಮ್ ನಾದಿನಿ ಪಕ್ಕದ್ ಮನೆಯೋನಿಗೆ ತೆಗೆದ್ರು. ಕಾಲೇ ಬಿದ್ದೋಯ್ತು."

ಬಿಡದೆ ಕೇಳಿದ ಮೇಲೆ, ಆತ ಅದಕ್ಕೂ ಮುಂಚೆ ತೆಂಗಿನಮರದಿಂದ ಬಿದ್ದಿದ್ದ ಎಂಬ ಸಣ್ಣ ಸಂಗತಿ ಹೊರಬಿತ್ತು. ಆದರೂ ಆಯಮ್ಮನ ಪ್ರಕಾರ ತಪ್ಪು ಮರದ್ದಲ್ಲ, ಸೂಜಿಯದ್ದು. ಬೇಡಿಕೊಂಡೆ, ಗದರಿದೆ, ಚಿತ್ರ ಬರೆದು ತೋರಿಸಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಅದನ್ನು ನೆನೆದರೆ ಇವತ್ತಿಗೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ರೇಷ್ಮೆ ಹುಳಕ್ಕೆ ಹಾಲುತೊಂಡೆ ಎಂಬ ರೋಗ ಬರುತ್ತದೆ. ಅನುಮಾನ ಬಂದ ಹುಳದ ಕಾಲು ಚಿವುಟಿ ಒಂದು ಹನಿ ನೋಡುತ್ತಾರೆ. ತಿಳಿಯಾಗಿದ್ದರೆ ಸರಿ, ಹಾಲಿನಂತಿದ್ದರೆ ರೋಗ.

"ಅಮ್ಮ, ಹಾಲುತೊಂಡೆ ಬಂದಿದ್ಯೋ ಇಲ್ವೋ ಅಂತ ನೀವು ಹೆಂಗ್ ನೋಡ್ತೀರಿ? ಇದೂ ಹಂಗೇ. ಒಂದ್ ನಾಕ್ ಹನಿ. ತಿಳಿಯಾಗಿದ್ಯೋ ಹಾಲಾಗಿದ್ಯೋ ನೋಡೋದು, ಅಷ್ಟೇ."

ಆಯಮ್ಮನ ಮುಖ ಬೆಳಗಿತು. "ಅಷ್ಟೇನಾ? ಅದನ್ನ ಮೊದ್ಲೇ ಹೇಳ್ಬಾರ್ದಾ!" ಎಂದು ತಾನೇ ಗಂಡನನ್ನು ಮಗ್ಗುಲಾಗಿಸಿ, ಮಂಡಿ ಮಡಿಸಿ, ಮುದುರಿ ಹಿಡಿದಳು. ನನ್ನ ಜಾಣತನಕ್ಕೆ ನಾನೇ ಶಭಾಷ್ ಅಂದುಕೊಂಡೆ.

ಸೂಜಿ ಹಾಕಿದೆ. ನೀರಿನಂತೆ ಇರಬೇಕಾದದ್ದು ನೀರುಮಜ್ಜಿಗೆಯಂತೆ ತೊಟ್ಟಿಕ್ಕಿತು. ನಮ್ಮ ಕಸುಬಿನ ಒಂದು ಕೆಟ್ಟ ಗುಣವೆಂದರೆ ಊಹೆ ನಿಜವಾದಾಗ ಖುಷಿಯಾಗುವುದು. "ನೋಡಿ, ಹಾಲು!" ಎಂದು ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ತೋರಿಸಿದೆ, ನಾನೇ ಹಸು ಕರೆದು ತಂದವನ ಹಾಗೆ. ಆಯಮ್ಮ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ನನ್ನ ವಿದ್ಯೆಗೆ ಬೆರಗಾಗಿದ್ದಾಳೆ ಎಂದುಕೊಂಡು ಲ್ಯಾಬಿಗೆ ಓಡಿದೆ.

ಅಲ್ಲಿ ಕರೆಂಟು ಹೋಗಿತ್ತು. ಮೈಕ್ರೋಸ್ಕೋಪನ್ನು ಕಿಟಕಿಗೆ ಎಳೆದು, ಅದರ ಕನ್ನಡಿಗೆ ಬಿಸಿಲು ಹಿಡಿದು, ಬಣ್ಣ ಹಾಕಿದ ಗಾಜಿನಲ್ಲಿ ಇಣುಕಿದೆ. ಕೀವಿನ ಕಣಗಳ ನಡುವೆ ನೀಲಿ ಚುಕ್ಕೆಗಳು ಜೋಡಿ ಜೋಡಿಯಾಗಿ ಕೂತಿದ್ದವು. ಕೈಯಂತ್ರದಲ್ಲಿ ನೋಡಿದರೆ ಆ ನೀರಿನ ಸಕ್ಕರೆಯೂ ತಳ ಕಂಡಿತ್ತು, ರೋಗಾಣು ತಿಂದು ಮುಗಿಸಿದ ಹಾಗೆ. ಬ್ಯಾಕ್ಟೀರಿಯಾವೇ. ಬೆಳಿಗ್ಗೆ ಹಾಕಿದ ಇಂಜೆಕ್ಷನ್ನೇ ಸರಿಯಾದದ್ದು. ಶಿಳ್ಳೆ ಹಾಕುತ್ತ ವಾರ್ಡಿಗೆ ಬಂದೆ.

ವಾರ್ಡು ಕಬಡ್ಡಿ ಅಂಕಣವಾಗಿತ್ತು. ಪ್ರತಿ ಮಂಚದ ಸುತ್ತ ಬಿಳಿ ಗೆರೆ. ಪಕ್ಕದ ಮಂಚದ ಮುರಿದ ಕಾಲಿನವನ ಹೊದಿಕೆಯ ಮೇಲೂ ಸುಣ್ಣದ ಪುಡಿ ಉದುರಿತ್ತು. ಅವನು ಸೀನುತ್ತ ನನ್ನನ್ನೇ ದುರುಗುಟ್ಟಿ ನೋಡಿದ. ಹುಳುಮನೆಗೆಂದು ಆಟೋದಲ್ಲಿದ್ದ ಸುಣ್ಣದ ಚೀಲವನ್ನು ಆಯಮ್ಮ ಬರಿದು ಮಾಡಿದ್ದಳು. ಹಾಲುತೊಂಡೆ ಕಂಡರೆ ಮಿಕ್ಕ ಹುಳಕ್ಕೆ ಹರಡದಿರಲೆಂದು ಸುಣ್ಣ ಉದುರಿಸುತ್ತಾರೆ. ರೋಗದ ಹುಳವನ್ನು ಆರಿಸಿ ಆಚೆ ಹಾಕುತ್ತಾರೆ.

ಆ ಎರಡನೆಯ ಕೆಲಸಕ್ಕೂ ಆಯಮ್ಮ ಸಿದ್ಧಳಾಗಿದ್ದಳು. ಬಟ್ಟೆ ಗಂಟು ಕಟ್ಟಿತ್ತು. ಆಟೋ ಬಾಗಿಲಿಗೆ ಬಂದಿತ್ತು. ಗಂಡನ ತೋಳಿನ ಡ್ರಿಪ್ಪಿನ ಪಟ್ಟಿಯನ್ನು ಮೆಲ್ಲಗೆ, ನೋವಾಗದ ಹಾಗೆ ಬಿಡಿಸುತ್ತಿದ್ದಳು.

"ಎಲ್ಲಿಗಮ್ಮ?"

"ಮನೆಗೆ. ಹಾಲು ಕಾಣಿಸ್ಕೊಂಡ ಹುಳ ಉಳಿದಿದ್ದನ್ನ ನಾನಿನ್ನೂ ಕಂಡಿಲ್ಲ. ಇನ್ನೇಂ ಚೇಸೇದಿ ಸಾಮಿ, ಇನ್ನೇನ್ ಮಾಡಾದು, ಇರೋವರ್ಗೂ ಮನೇಲಿರ್ಲಿ." ಅಳುತ್ತಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಮನೆಗೆ ಹೋದರೆ ಆತ ಸಾಯುವುದು ಖಂಡಿತ. ಅವಳನ್ನು ಆ ಬಾಗಿಲವರೆಗೆ ಒಯ್ದದ್ದು ನನ್ನದೇ ಜಾಣತನ.

"ಮನುಷ್ಯ ಹುಳ ಅಲ್ಲಮ್ಮ!"

"ಅದೂ ಇದೂ ಒಂದೇ ಅಂತ ನೀನೇ ತಾನೇ ಹೇಳಿದ್ದು?"

ನಾನೇ ತೋಡಿದ ಹಳ್ಳ. ಸಿಟ್ಟು ನೆತ್ತಿಗೇರಿ ಸುಣ್ಣದ ಗೆರೆ ತುಳಿದುಕೊಂಡೇ ಹೋಗಿ ಪಟ್ಟಿಯನ್ನು ಮತ್ತೆ ಅಂಟಿಸಿದೆ. "ಹುಳಕ್ಕೆ ಔಷಧಿ ಇಲ್ಲ, ಇವರಿಗಿದೆ. ಬೆಳಿಗ್ಗೇನೇ ಹಾಕಿದೀನಿ!"

ಆಯಮ್ಮ ನನ್ನ ಮುಖವನ್ನು ಅಳೆದು ನೋಡಿದಳು. "ಹಾಲಾಗಿದ್ದು ತಿರುಗ ನೀರಾಗ್ತೈತಾ?"

"ಆಗುತ್ತೆ," ಎಂದೆ. ಒಳಗೆ ಅಷ್ಟು ಧೈರ್ಯವಿರಲಿಲ್ಲ. "ನಿಮ್ಮ ಕಣ್ಣಿಗೇ ತೋರಿಸ್ತೀನಿ."

ಆಯಮ್ಮ ಆಚೆ ಹೋಗಿ ಆಟೋದವನಿಗೆ, "ಸೊಪ್ಪು ಊರಿಗೆ ತಗೊಂಡೋಗಿ ಯಾರಿಗಾದ್ರೂ ಕೊಟ್ಬುಡು. ಹುಳಾನೂ ಅವ್ರೇ ನೋಡ್ಕೊಳ್ಳಿ," ಎಂದಳು. ಗೂಡು ಕಟ್ಟಲು ಇನ್ನೇನು ಕೆಲವೇ ದಿನವಿದ್ದ ಬೆಳೆ ಅದು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಜ್ವರ ಇಳಿದು ರೋಗಿ ಕಣ್ಣು ಬಿಟ್ಟ. ಎಚ್ಚರವಾದವನಿಗೆ ಮತ್ತೊಮ್ಮೆ ನೀರು ತೆಗೆಯುವ ಅಗತ್ಯವಿರಲಿಲ್ಲ, ಆದರೆ ಮಾತು ಕೊಟ್ಟಿದ್ದೆ, ತೆಗೆದೆ. ಕೊಳವೆಯನ್ನು ಈ ಸಲ ಆಯಮ್ಮನೇ ನನ್ನ ಕೈಯಿಂದ ಕಸಿದುಕೊಂಡು ಕಿಟಕಿಗೆ ಹಿಡಿದಳು. ತಿಳಿಯಾಗಿತ್ತು. ಅಲ್ಲೇ ನೆಲದ ಮೇಲೆ ಕುಸಿದು, ಅಷ್ಟು ದಿನ ತಡೆದಿದ್ದನ್ನೆಲ್ಲ ಅತ್ತಳು. ನನ್ನ ಕಣ್ಣೂ ತುಂಬಿತು.

ಗಂಡ ಮಲಗಿದಲ್ಲಿಂದಲೇ ಮೊದಲ ಮಾತಾಡಿದ. "ಹುಳಕ್ಕೆ ಸೊಪ್ಪಾಕಿದ್ಯಾ?"

"ಹುಳ ಹೋದ್ರೆ ಹೋಗ್ಲಿ, ಇನ್ನೊಂದ್ ಬೆಳೆ ಎತ್ತಣ. ನಿನ್ನ ಎಲ್ಲಿಂದ ತರ್ಲಿ ನಾನು?" ಎಂದಳು ಮೆಲ್ಲಗೆ.

"ಆಂ?" ಎಂದ ಆತ.

ಇನ್ನೊಮ್ಮೆ ಹೇಳಿದಳು. ಆತ ಮತ್ತೆ "ಆಂ?" ಎಂದ. ಆಗ ನನಗೆ ಅರ್ಥವಾಯಿತು. ಈ ಕಾಯಿಲೆ ಹೋಗುವಾಗ ಎಷ್ಟೋ ಸಲ ಬರಿಗೈಯಲ್ಲಿ ಹೋಗುವುದಿಲ್ಲ. ಆತನ ಕಿವಿಯನ್ನು ಮುಕ್ಕಾಲು ಪಾಲು ಒಯ್ದಿತ್ತು. ಹೇಗೆ ಹೇಳಲಿ ಎಂದು ನಾನು ತಡವರಿಸುವಷ್ಟರಲ್ಲಿ ಆಯಮ್ಮ ಗಂಡನ ಕಿವಿಗೆ ಬಾಯಿಟ್ಟು, ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದಳು: "ನಿನ್ನ ಎಲ್ಲಿಂದ ತರ್ಲಿ ಅಂದೆ ಕಣಯ್ಯಾ!"

ಆತನಿಗೆ ಕೇಳಿಸಿತು.